ಬಿಸಿಲಿನ ಮೇಲೆ ಭಾರ ಹಾಕಬೇಡ

ತಮ್ಮಾ,

ಈ ಮುಂಗಾರಿಗೆ ಕೃಷಿ ಹೊಂಡದಲ್ಲಿ ಮೀನುಮರಿ ಬಿಡುವ ವಿಚಾರ ಮಾಡಿದ್ದೀ ಅಂತ ಕೇಳಿದೆ. ಒಳ್ಳೆಯ ವಿಚಾರ. ನಮ್ಮ ಅಸುಂಡಿಯ ಎರೆಹೊಲಗಳಲ್ಲಿ ಮಳೆನೀರು ನಿಲ್ಲಿಸಿಕೊಂಡವರು ಕಡಿಮೆ, ನಿಲ್ಲಿಸಿದ ನೀರಿನಿಂದ ಎರಡು ಬೆಳೆ ತೆಗೆದವರು ಇನ್ನೂ ಕಡಿಮೆ. ಆದರೆ ನಿನ್ನ ಹೊಂಡದ ಒಂದು ಬದಿಗೆ ಹತ್ತಿ, ಇನ್ನೊಂದು ಬದಿಗೆ ಪಕ್ಕದವರ ಮೆಣಸಿನಕಾಯಿ. ಎಣ್ಣೆ, ಅಂದರೆ ಕೀಟನಾಶಕ, ಹೊಡೆದಾಗ ಅದು ನೀರಿಗೆ ಬಿದ್ದರೆ ಏನು ಮಾಡುತ್ತೀ ಎಂದರೆ, “ಬಿಸಿಲಿಗೆ ಎಲ್ಲಾ ಸುಟ್ಟು ಹೋಗತೈತಿ, ಬಿಡಜ್ಜಾ” ಅಂದೆಯಂತೆ. ಈ ಮಾತು ನಿನ್ನೊಬ್ಬನದಲ್ಲ. ಗೊಬ್ಬರದ ಅಂಗಡಿ ಕಟ್ಟೆಯ ಮೇಲೂ, ಹೊಲದ ಬದುವಿನ ಮೇಲೂ ಇದನ್ನೇ ಕೇಳಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು, ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸ್ವಲ್ಪ ಉದ್ದವಾದರೂ ಓದು.

ನಿನ್ನ ಮಾತು ಪೂರ್ತಿ ಸುಳ್ಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೇವಿನ ಎಣ್ಣೆಯ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಅದಕ್ಕೇ ಅದನ್ನು ಸಂಜೆ ಹೊಡೆಯಿರಿ ಎನ್ನುವುದು. ಹತ್ತಿಯ ರಸಹೀರುವ ಹುಳಕ್ಕೆ ನೀವು ಹೊಡೆಯುವ ಇಮಿಡಾಕ್ಲೋಪ್ರಿಡ್ ತಿಳಿನೀರಿನಲ್ಲಿ, ಮೇಲುಮೇಲಿನ ಪದರದಲ್ಲಿ, ಸುಡು ಬಿಸಿಲು ಬಿದ್ದರೆ ಕೆಲವೇ ಗಂಟೆಗಳಲ್ಲಿ ಅರ್ಧಕ್ಕರ್ಧ ಒಡೆದುಹೋಗುತ್ತದೆ. ಅದೇ ಔಷಧ ಬೆಳಕು ತಲುಪದ ರಾಡಿನೀರಿನ ತಳದಲ್ಲಿ ವಾರಗಟ್ಟಲೆ ಇರುತ್ತದೆ. ಅಂದರೆ ಬಿಸಿಲಿಗೆ ವಿಷ ಒಡೆಯುವ ಶಕ್ತಿ ಇದೆ. ಆದರೆ ಯಾವ ವಿಷ, ಎಷ್ಟು ಆಳದಲ್ಲಿ, ಒಡೆದ ಮೇಲೆ ಅದು ಏನಾಗುತ್ತದೆ, ಈ ಮೂರನ್ನೂ ಕೇಳದೆ ಮೀನಿನ ಜೀವವನ್ನು ಬಿಸಿಲಿಗೆ ಒಪ್ಪಿಸಿ ಕೂಡುವುದು ಸರಿಯಲ್ಲ.

ಹಿಂದಿನ ಕಾಲದಲ್ಲಿ ಸೇವಂತಿಗೆ ಜಾತಿಯ ಒಂದು ಹೂವಿನಿಂದ ಪೈರೆಥ್ರಮ್ ಎಂಬ ಕೀಟನಾಶಕ ತೆಗೆಯುತ್ತಿದ್ದರು. ಹುಳ ಥಟ್ಟನೆ ಬೀಳುತ್ತಿತ್ತು, ಆದರೆ ಬಿಸಿಲು ತಾಗಿದರೆ ಅದರ ಆಟ ಮುಗಿಯುತ್ತಿತ್ತು. ಹೊಲಕ್ಕೆ ಅದು ದಕ್ಕಲಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೇಲ್ ಎಲಿಯಟ್ ಮತ್ತು ಅವರ ಸಂಗಡಿಗರು ಅದೇ ನಮೂನೆಯ, ಆದರೆ ಬಿಸಿಲಿಗೆ ಬಗ್ಗದ ಪರ್ಮೆಥ್ರಿನ್ ಅನ್ನು 1973ರಲ್ಲಿ ಲೋಕಕ್ಕೆ ತಿಳಿಸಿದರು. ಆಮೇಲೆ ಬಂದವೇ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್. ಇವತ್ತು ನಿಮ್ಮ ಪಂಪಿನೊಳಗೆ ಇರುವುದು ಹೆಚ್ಚಾಗಿ ಈ ಕುಲದ್ದೇ. ಬಿಸಿಲಿನಲ್ಲಿ ನಿಲ್ಲಲಿ ಅಂತಲೇ ಲೆಕ್ಕ ಹಾಕಿ ಮಾಡಿದ ವಿಷವನ್ನು ಬಿಸಿಲು ಸುಟ್ಟುಹಾಕಲಿ ಎಂದು ನೀನು ಕಾಯುತ್ತಿದ್ದೀ.

ಇನ್ನು ಲೆಕ್ಕ. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಹೊಂಡ ನಿನ್ನದು. ಬದಿಗಳ ಇಳಿಜಾರು ಕಳೆದರೆ ತುಂಬಿದಾಗ ಸುಮಾರು ಹತ್ತು ಲಕ್ಷ ಲೀಟರ್ ನೀರು. ಶೇಕಡಾ ಹತ್ತರ ಸೈಪರ್‌ಮೆಥ್ರಿನ್ ಬಾಟಲಿಯಿಂದ ಹತ್ತು ಮಿಲಿಲೀಟರ್ ತೆಗೆದರೆ ಅದರಲ್ಲಿ ಒಂದು ಗ್ರಾಂ ವಿಷ. ಹತ್ತು ಲಕ್ಷ ಲೀಟರಿಗೆ ಒಂದು ಗ್ರಾಂ ಎಂದರೆ ಲೀಟರಿಗೆ ಒಂದು ಮೈಕ್ರೋಗ್ರಾಂ. ಪ್ರಯೋಗಶಾಲೆಗಳಲ್ಲಿ ಹಲವು ಜಾತಿಯ ಮೀನುಗಳನ್ನು ಇಟ್ಟು ನೋಡಿದಾಗ, ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನು ಸಾಯುವ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.4ರಿಂದ 2.8 ಮೈಕ್ರೋಗ್ರಾಂ ನಡುವೆ ಬಂದಿದೆ. ತಿಳಿಯಿತೇನು? ಬಾಟಲಿಯ ಒಂದು ಮುಚ್ಚಳದಷ್ಟು ಎಣ್ಣೆ ಸಾಕು, ತುಂಬಿದ ಹೊಂಡ ಪೂರ್ತಿ ಆ ಅಂಚಿಗೆ ಬರುತ್ತದೆ. ಮಾಘ, ಫಾಲ್ಗುಣದಲ್ಲಿ ನೀರು ಹತ್ತನೇ ಒಂದು ಪಾಲಿಗೆ ಇಳಿದಾಗ ಪಂಪು ತೊಳೆದ ನೀರೇ ಸಾಕಾದೀತು.

ಊರ ಕೆರೆಯಲ್ಲಿ ಇದು ಇಷ್ಟು ಕಠಿಣವಾಗಿ ನಡೆಯುವುದಿಲ್ಲ. ಈ ಕುಲದ ಎಣ್ಣೆ ಮಣ್ಣಿಗೆ ಅಂಟಿಕೊಳ್ಳುವ ಜಾತಿ. ಕೆರೆಯ ಹೂಳು, ರಾಡಿ ಅದನ್ನು ಹಿಡಿದು ತಳಕ್ಕೆ ಇಳಿಸುತ್ತವೆ. ನಿನ್ನ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೀ. ಅಲ್ಲಿ ಹಿಡಿಯುವ ಮಣ್ಣಿಲ್ಲ. ಬೋರಿನ ನೀರು ಬಿಟ್ಟಾಗ ತಳ ಕಾಣುವಷ್ಟು ತಿಳಿ. ನೋಡಲು ಚೆಂದ, ಫೋಟೋ ತೆಗೆದು ಕಳಿಸಿದ್ದೆಯಲ್ಲ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದು ನೀರಿನಲ್ಲಿನ ರಾಡಿ, ಕೊಳೆತ ಎಲೆಯ ಕಂದು ಬಣ್ಣ. ನಮ್ಮ ಹಳ್ಳದ ಮಳೆಗಾಲದ ನೀರಿನಲ್ಲಿ ಆ ಕಿರಣ ಕೆಲವು ಬೆರಳಿನಷ್ಟು ಆಳಕ್ಕೆ ಸುಸ್ತಾಗುತ್ತದೆ. ತಿಳಿನೀರಿನಲ್ಲಿ ಮೀನಿನ ಬೆನ್ನಿಗೆ ನೇರ ಹೊಡೆಯುತ್ತದೆ, ಆ ಏಟಿನ ಕಥೆ ಮುಂದೆ ಹೇಳುತ್ತೇನೆ. ನೀರು ಕಂದಾಗಿದೆ ಎಂದು ನಾಚಿಕೊಳ್ಳಬೇಡ ಮತ್ತೆ.

ಒಡೆಯುವ ವಿಷದ ಕಥೆಗೆ ಬರೋಣ. ನಮ್ಮ ಹಿಂದಿನ ತಲೆಮಾರಿಗೆ ಎಂಡ್ರಿನ್, ಪಾಲಿಡಾಲ್ ಎಂಬ ಎರಡು ಹೆಸರು ಗೊತ್ತಿದ್ದವು. ಅವು ಹೊಲಕ್ಕಿಂತ ಹೆಚ್ಚಾಗಿ ಸಾವಿನ ಸುದ್ದಿಯಲ್ಲಿ ಬರುತ್ತಿದ್ದವು. ಪಾಲಿಡಾಲ್ ಅಂದರೆ ಪ್ಯಾರಾಥಿಯಾನ್. 1958ರಲ್ಲಿ ಕೇರಳದಲ್ಲಿ ಅದು ಹಿಟ್ಟಿನಲ್ಲಿ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಬಿಸಿಲು, ಗಾಳಿ ತಾಗಿದಾಗ ಪ್ಯಾರಾಆಕ್ಸಾನ್ ಎಂಬ ಇನ್ನೊಂದು ರೂಪ ಬರುತ್ತದೆ, ನರದ ಮೇಲೆ ಇನ್ನೂ ಚುರುಕಾಗಿ ಎರಗುವ ರೂಪ. ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಎಣ್ಣೆ ಹೊಡೆದು ದಿನಗಳಾದ ಮೇಲೆ ಹಣ್ಣು ಬಿಡಿಸಲು ಹೋದ ಕೂಲಿಯವರು ಬಿದ್ದರು. ಎಲೆಯ ಮೇಲಿನ ಒಣಧೂಳಿನಲ್ಲಿ ಈ ರೂಪ ಕಾದು ಕೂತಿತ್ತು. ಮೆಣಸಿನಕಾಯಿ ಬಿಡಿಸಲು ಹೆಣ್ಣುಮಕ್ಕಳನ್ನು ಕರೆಯುವಾಗ, ಹೊಡೆದು ಎಷ್ಟು ದಿನವಾಯಿತು ಎಂದು ಮೊದಲು ಎಣಿಸು. ಮೀನಿನ ಮಾತಿನ ನಡುವೆ ಇದು ಬಂತು, ಬಂದದ್ದು ಒಳ್ಳೆಯದೇ ಆಯಿತು.

ಕ್ಲೋರ್‌ಪೈರಿಫಾಸ್ ಎಂಬ ಎಣ್ಣೆ ಕೂಡ ಇದೇ ದಾರಿಯಲ್ಲಿ ಪ್ಯಾರಾಆಕ್ಸಾನ್‌ನಂಥ ರೂಪ ತಾಳುತ್ತದೆ. ಮೆಣಸಿನಕಾಯಿಗೂ ಹತ್ತಿಗೂ ಹೊಡೆಯುವ ಫಿಪ್ರೋನಿಲ್ ಬಿಸಿಲಿಗೆ ಒಡೆದು ಇನ್ನೊಂದು ವಸ್ತುವಾಗುತ್ತದೆ. ಆ ಮರಿ ತಾಯಿಗಿಂತ ಹೆಚ್ಚು ದಿನ ಬಾಳುತ್ತದೆ, ವಿಷದಲ್ಲಿ ತಾಯಿಗೆ ಕಡಿಮೆಯಿಲ್ಲ. ಬಾಟಲಿಯ ಮೇಲೆ ಬರೆದಿರುವುದು ತಾಯಿಯ ಹೆಸರು ಮಾತ್ರ.

ಒಡೆದದ್ದೆಲ್ಲ ಅಳಿಯಲಿಲ್ಲ ಎಂಬುದಕ್ಕೆ ನಮ್ಮ ಕನ್ನಡದ ಜನ ತೆತ್ತ ಬೆಲೆ ಕಾಸರಗೋಡಿನಲ್ಲಿದೆ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಮತ್ತು ಸುತ್ತಲ ಊರುಗಳ ಮೇಲೆ, ಸರಕಾರಿ ಗೇರು ತೋಟಗಳಿಗೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪತ್ರಕರ್ತ ಶ್ರೀಪಡ್ರೆ ಬರೆದರು, ವೈದ್ಯ ಮೋಹನಕುಮಾರ್ ತಮ್ಮ ರೋಗಿಗಳನ್ನು ತೋರಿಸಿ ಕೂಗಿದರು, ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಎಂಡೋಸಲ್ಫಾನ್ ಮಣ್ಣಿನಲ್ಲಿ ಮುರಿದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದಕ್ಕೂ ಅಷ್ಟೇ ನಂಜು, ಆಯುಸ್ಸು ಇನ್ನೂ ಜಾಸ್ತಿ. ಮೀನಿಗಂತೂ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಸಾಕಿತ್ತು. ಮುರಿದ ಕೆಲಸ ಅಲ್ಲಿ ಮಣ್ಣಿನದು, ಬಿಸಿಲಿನದಲ್ಲ, ಒಪ್ಪುತ್ತೇನೆ. ಆದರೆ “ಕರಗಿ ಹೋಗುತ್ತದೆ” ಎಂಬ ಭರವಸೆ ಅಲ್ಲಿಯೂ ಇದೇ ಆಗಿತ್ತು.

ಈಗ ಹೇಳುವುದನ್ನು ಮಾತ್ರ ಗಮನವಿಟ್ಟು ಓದು, ಇಲ್ಲಿ ಬಿಸಿಲು ಹೊರಗಿನಿಂದ ಕೆಲಸ ಮಾಡುವುದಿಲ್ಲ, ಮೀನಿನ ಒಳಗೇ ಮಾಡುತ್ತದೆ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಲೂಗಿಲ್ ಎಂಬ ಸಿಹಿನೀರ ಮೀನುಗಳನ್ನು ಆಂಥ್ರಸೀನ್ ಬೆರೆತ ನೀರಿನಲ್ಲಿ ಇಟ್ಟ ವರದಿ ಬರೆದರು. ಆಂಥ್ರಸೀನ್ ಕೀಟನಾಶಕವಲ್ಲ; ಡಾಂಬರಿನಲ್ಲಿ, ಡೀಸೆಲ್ ಹೊಗೆಯಲ್ಲಿ ಇರುವ ವಸ್ತು. ನೆರಳಿನಲ್ಲಿದ್ದ ಮೀನುಗಳಿಗೆ ಏನೂ ಆಗಲಿಲ್ಲ. ಬಿಸಿಲಿಗೆ ಬಂದವು ಎರಡು ದಿನದೊಳಗೆ ಸತ್ತವು. ವಿಷ ಒಂದೇ, ಪ್ರಮಾಣ ಒಂದೇ, ನಡುವೆ ಬಂದದ್ದು ಸೂರ್ಯ ಮಾತ್ರ. ಮೀನಿನ ಮೈಸೇರಿದ ಆ ವಸ್ತು ಅತಿನೇರಳೆ ಕಿರಣದ ಬಲವನ್ನು ಹೀರಿಕೊಂಡು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ, ಕೆರಳಿದ ಆಮ್ಲಜನಕ ಕಿವಿರಿನ ತೆಳು ಪೊರೆಯನ್ನು ಸುಡುತ್ತದೆ. ಕಪ್ಪತಗುಡ್ಡದ ಸೆರಗಿನಲ್ಲಿ ದನ ಕಾಯುವವರನ್ನು ಕೇಳು. ಲಂಟಾನ ತಿಂದ ಆಕಳನ್ನು ನೆರಳಿನಲ್ಲಿ ಕಟ್ಟಿದರೆ ಚರ್ಮವಾದರೂ ಉಳಿಯುತ್ತದೆ, ಬಿಸಿಲಿಗೆ ಬಿಟ್ಟರೆ ಬಿಳಿ ಚರ್ಮವೆಲ್ಲ ಸುಲಿದು ಬರುತ್ತದೆ. ಮೀನಿಗೆ ಆಗುವುದೂ ಅದೇ ನಮೂನೆಯದು. ಆದರೆ ಆಕಳನ್ನು ಎಬ್ಬಿಸಿ ಮರದ ಕೆಳಗೆ ಕಟ್ಟಬಹುದು, ಬಟಾಬಯಲಿನ ಹೊಂಡದ ಮೀನು ಎಲ್ಲಿಗೆ ಹೋದೀತು?

ಕೀಟನಾಶಕದಲ್ಲೂ ಇದು ಕಂಡಿದೆ. ಸೆವಿನ್ ಪುಡಿ ಎಂದರೆ ನಿಮ್ಮಪ್ಪನಿಗೆ ನೆನಪಿರುತ್ತದೆ, ಅದರ ಹೆಸರು ಕಾರ್ಬರಿಲ್. 1984ರ ಡಿಸೆಂಬರಿನಲ್ಲಿ ಅನಿಲ ಸೋರಿದ ಭೋಪಾಲದ ಕಾರ್ಖಾನೆ ತಯಾರಿಸುತ್ತಿದ್ದದ್ದು ಇದನ್ನೇ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನು ಕಾರ್ಬರಿಲ್ ನೀರಿನಲ್ಲಿ ಇಟ್ಟು, ನಿಜವಾದ ಬಿಸಿಲಿನ ಒಂದು ಚಿಕ್ಕ ಪಾಲಿನಷ್ಟೇ ಅತಿನೇರಳೆ ಕಿರಣ ಹಾಯಿಸಿದರು. ವಿಷದ ಉಗ್ರತೆ ಸುಮಾರು ಹತ್ತು ಪಟ್ಟು ಏರಿತು. ಅದು ಒಡೆದು ಬರುವ ನ್ಯಾಫ್ತಾಲ್ ಎಂಬ ವಸ್ತು ಮೀನಿಗೆ ಮೂಲ ಕಾರ್ಬರಿಲ್‌ಗಿಂತ ಕೆಟ್ಟದ್ದು. ನಮ್ಮ ದೇಶದಲ್ಲಿ ಕಾರ್ಬರಿಲ್ ನಿಷೇಧವಾದದ್ದು 2018ರಲ್ಲಿ. ಅಟ್ಟದ ಮೇಲೆ ಹಳೆಯ ಡಬ್ಬಿ ಇದ್ದರೆ ಬಳಸಬೇಡ.

“ಹಾಗಾದರೆ ಗಿಡಮೂಲಿಕೆಯದೇ ಒಳ್ಳೆಯದು” ಎನ್ನುವೆ. ನಿಲ್ಲು. ದೀಪಾವಳಿಗೆಂದು ನಾವು ಬೆಳೆಯುವ ಚೆಂಡುಹೂವಿನ ಬೇರಿನಲ್ಲಿ ಆಲ್ಫಾ ಟರ್ಥಯನೈಲ್ ಎಂಬ ವಸ್ತುವಿದೆ. ಕತ್ತಲಲ್ಲಿ ಹೆಚ್ಚು ಉಪದ್ರವಿಲ್ಲ, ಬಿಸಿಲು ಬಿದ್ದರೆ ಸೊಳ್ಳೆಮರಿಯನ್ನೂ ಕೊಲ್ಲುತ್ತದೆ, ಮೀನುಮರಿಯನ್ನೂ ಬಿಡುವುದಿಲ್ಲ. ಗಿಡಕ್ಕೂ ಸೂರ್ಯನನ್ನು ಆಯುಧ ಮಾಡಿಕೊಳ್ಳುವುದು ಗೊತ್ತು.

ಪ್ರಯೋಗಶಾಲೆಯವರು ಇಷ್ಟು ಪ್ರಮಾಣಕ್ಕೆ ಮೀನು ಬದುಕುತ್ತದೆ ಎಂದು ಹೇಳಿದ್ದಾರಲ್ಲ ಎಂದು ಅಂಗಡಿಯವನು ವಾದ ಹೂಡಬಹುದು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದವರೂ ರೋಹು ಮೀನನ್ನು ಮೆಲಾಥಿಯಾನ್, ಸೈಪರ್‌ಮೆಥ್ರಿನ್ ನೀರಿನಲ್ಲಿಟ್ಟು ಅದರ ನಡವಳಿಕೆ, ಉಸಿರಾಟ ಹೇಗೆ ಕೆಡುತ್ತವೆ ಎಂದು ಬರೆದಿದ್ದಾರೆ. ಆ ಕೆಲಸಕ್ಕೆ ಬೆಲೆಯಿದೆ, ಸಾಯುವುದಕ್ಕಿಂತ ಎಷ್ಟೋ ಮೊದಲೇ ಮೀನು ಕೆಡುತ್ತದೆ ಎಂಬುದು ಅಂಥ ಕೆಲಸದಿಂದಲೇ ಗೊತ್ತಾದದ್ದು. ಆದರೆ ಲೋಕದಲ್ಲೆಲ್ಲ ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು ಸೂರಿನ ಕೆಳಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಟ್ಯೂಬ್‌ಲೈಟಿಗೆ ಗದಗಿನ ಬಿಸಿಲಿನ ಬಲ ಎಲ್ಲಿಂದ ಬರಬೇಕು? ಆ ಅಂಕಿಗಳನ್ನು ಸುರಕ್ಷಿತ ಗೆರೆ ಎಂದು ಹಿಡಿಯಬೇಡ.

ಗದಗಿನ ಬಿಸಿಲು ಅಂದೆ. ನಮ್ಮ ಊರು ಹದಿನೈದೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ, ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಹತ್ತರ ಸುಮಾರಿಗೊಮ್ಮೆ. ಬೇಸಿಗೆಯದು ಎಲ್ಲರಿಗೂ ಗೊತ್ತು. ಆಗಸ್ಟಿನದು ಯಾರ ಗಮನಕ್ಕೂ ಬರುವುದಿಲ್ಲ, ಮೋಡ ಮುಚ್ಚಿರುತ್ತದೆ. ಮೋಡ ಸರಿದ ದಿನ ಮಾತ್ರ ಅದು ಮೇ ತಿಂಗಳಿನಷ್ಟೇ ನೆಟ್ಟಗೆ ಬೀಳುತ್ತದೆ. ಆಗಸ್ಟಿನಲ್ಲಿ ಹೊಲದಲ್ಲಿ ಏನು ನಡೆದಿರುತ್ತದೆ? ಹೆಸರು ಕೊಯ್ಲಿಗೆ ಬಂದಿರುತ್ತದೆ, ಹತ್ತಿಗೆ ಜಿಗಿಹುಳ ಬಿದ್ದಿರುತ್ತದೆ, ಮೆಣಸಿನಕಾಯಿಗೆ ಮುಟುರು ಸುರುವಾಗಿರುತ್ತದೆ. ಪಂಪು ಬೆನ್ನಿನಿಂದ ಇಳಿಯುವುದಿಲ್ಲ. ಹೊಂಡ ತುಂಬಿತು ಎಂದು ಮೀನುಮರಿ ಬಿಡುವುದೂ ಅದೇ ಹೊತ್ತು. ಮರಿಗಳಿಗೆ ಚರ್ಮದಲ್ಲಿ ಬಣ್ಣವೇ ಇನ್ನೂ ತುಂಬಿರುವುದಿಲ್ಲ, ಬೆಳಕು ಮೈಯನ್ನು ದಾಟಿ ಹೋಗುತ್ತದೆ, ನೀರಿನ ಮೇಲ್ಪದರದಲ್ಲೇ ಓಡಾಡುತ್ತವೆ. ಎಣ್ಣೆ, ಸೂರ್ಯ, ಎಳೆಮರಿ ಮೂರೂ ಒಂದೇ ತಿಂಗಳಲ್ಲಿ ಕೂಡುತ್ತವೆ. ನನ್ನ ಕೇಳಿದರೆ ನಿನ್ನ ಇಡೀ ಯೋಜನೆಯಲ್ಲಿ ಮೊದಲು ಬದಲಿಸಬೇಕಾದ್ದು ಇದೇ. ಮರಿ ಬಿಡುವುದನ್ನು ಹೊಡೆಯುವ ಸುಗ್ಗಿ ಇಳಿಯುವವರೆಗೆ ಮುಂದೂಡು, ಅದು ಆಗದಿದ್ದರೆ ಬೆರಳುದ್ದ ಬೆಳೆದ ಮರಿಯನ್ನೇ ತಂದು ಬಿಡು. ದುಡ್ಡು ಸ್ವಲ್ಪ ಹೆಚ್ಚಾದರೂ ಆಗಲಿ.

ಬಿಸಿಲಿನ ಇನ್ನೊಂದು ಏಟು ಕಾವಿನದು. ಇಪ್ಪತ್ತು ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಮೂವತ್ತು ಡಿಗ್ರಿಯದು ಏಳೂವರೆ. ಬಿಸಿಯಾದ ಮೀನಿಗೆ ಬೇಕಾಗುವ ಉಸಿರು ಮಾತ್ರ ಹೆಚ್ಚು. ಉಸಿರಿಗಾಗಿ ಕಿವಿರು ಬೇಗಬೇಗ ಬಡಿದಷ್ಟೂ ನೀರಿನಲ್ಲಿರುವ ವಿಷವೂ ಹೆಚ್ಚು ಒಳಹೋಗುತ್ತದೆ. ವಿಚಿತ್ರ ನೋಡು, ಮೆಲಾಥಿಯಾನ್ ಜಾತಿಯವು ಬಿಸಿನೀರಿನಲ್ಲಿ ಉಗ್ರವಾದರೆ ಸೈಪರ್‌ಮೆಥ್ರಿನ್ ಜಾತಿಯವು ತಣ್ಣೀರಿನಲ್ಲಿ ಉಗ್ರ. ಹೀಗಾಗಿ ಹಿಂಗಾರಿನ ಕಡಲೆಗೆ ಹೊಡೆಯುವಾಗ ಚಳಿಗಾಲ ಅಂತ ಸಡಿಲ ಬಿಡುವ ಹಾಗೂ ಇಲ್ಲ.   

ಎಂಬತ್ತರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಜನ ಬೆರಳು ತೋರಿಸಲು ಕಾರ್ಖಾನೆಯ ಒಂದು ಕೊಳವೆ ಇತ್ತು, ಹೋರಾಟ ಮಾಡಿದರು. ಅದೇ ಹೊಳೆ ಮುಂದೆ ಹರಿದು ನಮ್ಮ ಮುಂಡರಗಿಯ ಸೀಮೆ ಮುಟ್ಟುತ್ತದೆ. ನಮ್ಮ ಹಳ್ಳ, ಹೊಂಡಗಳ ವಿಚಾರದಲ್ಲಿ ಕೊಳವೆಯೇ ಇಲ್ಲ, ನೂರು ಹೊಲ, ನೂರು ಪಂಪು. ಜಗಳಕ್ಕೆ ಹೋದರೆ ಎದುರಿಗೆ ಸಿಗುವವರು ಅಣ್ಣತಮ್ಮಂದಿರೇ. ಅದಕ್ಕೇ ಮೊದಲು ನಿನ್ನ ಕೈಯಲ್ಲಿರುವುದನ್ನು ಮಾಡು. ಹೊಂಡದ ಸುತ್ತ ಹತ್ತು ಹೆಜ್ಜೆ ಹುಲ್ಲು ಬಿಡು, ಅದಕ್ಕೆ ಕಸದ ಎಣ್ಣೆ ಹೊಡೆಯಬೇಡ. ಸತ್ತ ಕಸ ನೀರಿಗೆ ಬಿದ್ದು ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ. ಪಂಪನ್ನು ಹೊಂಡದಲ್ಲಿ ಮುಳುಗಿಸಿ ತುಂಬಬೇಡ, ತೊಳೆದ ನೀರು ಬೆಳೆಯ ಸಾಲಿಗೇ ಹೋಗಲಿ. ಡೀಸೆಲ್ ಎಂಜಿನ್ ಇಡುವುದಾದರೆ ಎಣ್ಣೆ ಜಿನುಗಿ ನೀರಿಗೆ ಇಳಿಯದ ಕಡೆ ಇಡು, ಆಂಥ್ರಸೀನ್ ಕಥೆ ಮರೆಯಬೇಡ. ಗಾಳಿ ಹೊಂಡದ ಕಡೆ ಬೀಸುವಾಗ ನಳಿಕೆ ಎತ್ತಬೇಡ. ಹೊಂಡದ ಕಾಲುಭಾಗಕ್ಕಾದರೂ ನೆರಳು ಬೇಕು. ಮೇಲೆ ಹಸಿರು ಪರದೆ ಕಟ್ಟು, ಇಲ್ಲವೇ ತೆಂಗಿನ ಗರಿಯ ಚಪ್ಪರ ಹಾಕು. ಕಾಟ್ಲಾ ಮೇಲ್ಪದರದ ಮೀನು, ಅದಕ್ಕೆ ಇದು ಮೊದಲು ಬೇಕು. ಬಾಟಲಿಯ ಮೇಲಿನ ತ್ರಿಕೋನ ಕೆಂಪೋ ಹಳದಿಯೋ ನೀಲಿಯೋ ಹಸಿರೋ ನೋಡುವುದನ್ನು ಕಲಿತಿದ್ದೀ, ಆದರೆ ಆ ಬಣ್ಣ ಮನುಷ್ಯನ ಮತ್ತು ಬೆಚ್ಚನೆ ರಕ್ತದ ಪ್ರಾಣಿಗಳ ಲೆಕ್ಕದ್ದು. ಮೀನಿನ ವಿಚಾರ ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ನೀರು ಪರೀಕ್ಷೆ ಮಾಡುತ್ತೇವೆ ಎಂದು ಕೆಲವರು ಒಂದು ಬಕೀಟು ನೀರು ತಂದು ಪಡಸಾಲೆಯಲ್ಲಿಟ್ಟು ನಾಲ್ಕು ಮರಿ ಬಿಟ್ಟು ನೋಡುತ್ತಾರೆ. ಪಡಸಾಲೆಯಲ್ಲಿ ಬದುಕಿದ್ದು ಹೊಂಡದಲ್ಲಿ ಬದುಕುತ್ತದೆ ಎನ್ನುವ ಹಾಗಿಲ್ಲ ಎಂದು ಈಗ ನಿನಗೆ ಗೊತ್ತಾಯಿತು. ಸಣ್ಣಕಣ್ಣಿನ ಬಲೆಯನ್ನು ಚೀಲದ ಹಾಗೆ ಹೊಲಿದು ಹೊಂಡದಲ್ಲೇ, ನೆರಳಿಲ್ಲದ ಕಡೆ ಕಟ್ಟು. ಹತ್ತು ಮರಿ ಬಿಡು, ಎರಡು ಮೂರು ದಿನದ ನಡುಹಗಲು ಅವುಗಳ ಮೇಲೆ ಹಾದುಹೋಗಲಿ. ಸುತ್ತು ಹಾಕುತ್ತ ಈಜಿದರೆ, ಮೈಮೇಲೆ ಲೋಳೆ ಹೆಚ್ಚಾದರೆ, ಮೇಲೆ ಬಂದು ಬಾಯಿಬಿಟ್ಟರೆ ಉಳಿದ ಮರಿಗಳಿಗೆ ದುಡ್ಡು ಕೊಡಬೇಡ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಮೀನು ತೇಲಿದರೆ ಮೊದಲು ಹೊತ್ತು ನೋಡು. ನಸುಕಿನಲ್ಲಿ, ದೊಡ್ಡ ಮೀನುಗಳೇ ಮೊದಲು ಸತ್ತಿದ್ದರೆ ಬಹುತೇಕ ಅದು ಉಸಿರಿನ ಕೊರತೆ, ಪಕ್ಕದವರನ್ನು ಬೈಯಬೇಡ. ಹಗಲು ಹೊತ್ತು, ಸಣ್ಣವು ಮೊದಲು ಹೋಗಿದ್ದರೆ, ಕಪ್ಪೆ, ನೀರಹುಳವೂ ಸತ್ತಿದ್ದರೆ ಎಣ್ಣೆಯ ಗುಮಾನಿ ಇಟ್ಟುಕೊ. ಸತ್ತ ಮೀನನ್ನು ಮನೆಗೆ ತರಬೇಡ, ಕೋಳಿಗೂ ಹಾಕಬೇಡ. ಗಾಜಿನ ಬಾಟಲಿಯಲ್ಲಿ ಅಂಚಿನವರೆಗೆ ನೀರು ತುಂಬು, ಪ್ಲಾಸ್ಟಿಕ್ ಆದರೆ ಸೈಪರ್‌ಮೆಥ್ರಿನ್ ಗೋಡೆಗೆ ಅಂಟಿಬಿಡುತ್ತದೆ. ತಡಮಾಡಿದರೆ ಬಿಸಿಲು ಪುರಾವೆಯನ್ನೂ ಒಡೆಯುತ್ತದೆ. ಆದ್ದರಿಂದ ಬಾಟಲಿಗೆ ಕೂಡಲೇ ಕಪ್ಪು ಬಟ್ಟೆ ಸುತ್ತಿ ಐಸಿನಲ್ಲಿ ಇಡು. ತಾರೀಖು, ಹೊತ್ತು, ಆ ವಾರ ಸುತ್ತಲಿನ ಹೊಲಕ್ಕೆ ಯಾರು ಯಾವ ಎಣ್ಣೆ ಹೊಡೆದರು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ, ಎಲ್ಲಿಗೆ ಕಳಿಸಬೇಕೆಂದು ಅವರನ್ನು ಕೇಳು, ಮೀನುಗಾರಿಕೆ ಇಲಾಖೆಯವರಿಗೂ ಅದೇ ದಿನ ತಿಳಿಸು.